ಶ್ರವಣಯಂತ್ರವೂ ನಾನೂ

ಈ ಸ್ಮರಣ ಸಂಚಿಕೆಯ ಸಂಪಾದಕಿಯರು ಹಳೆಯ ವಿದ್ಯಾರ್ಥಿನಿಯರಿಗೆ ಪತ್ರ ಬರೆದು, ತಮ್ಮ ತಮ್ಮ ಅನುಭವದಲ್ಲಿ ಇತರರಿಗೆ ಪ್ರಯೋಜನವಾಗತಕ್ಕ ಯಾವದಾದರೊಂದು ವಿಷಯವನ್ನು ಕುರಿತು ಬರೆಯಬೇಕೆಂದು ಅಪೇಕ್ಷಿಸಿದ್ದಾರೆ. ನನ್ನೊಡನೆ ಕಲಿತವರಲ್ಲಿ ವೈದ್ಯರಾದವರುಂಟು, ನ್ಯಾಯವಾದಿಗಳಾದವರುಂಟು, ದೇಶಾಂತರಗಳಲ್ಲಿ ನೆಲೆಸಿ ಕೀರ್ತಿ ಪಡೆದವರೂ ಉಂಟು. ನಾನಾದರೋ ಕನ್ನಡ ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ನನಗೆ ವಿಶೇಷವಾಗಿ ತಿಳಿದಿರುವ ವಿಷಯವು ಒಂದೇ. 2009ನೆಯ ಇಸವಿಯಿಂದ ಎರಡು ಕಿವಿಗಳಿಗೂ ಶ್ರವಣಯಂತ್ರವನ್ನು ಧರಿಸಿಕೊಂಡು ಸಂಸಾರವನ್ನೂ ಉದ್ಯೋಗವನ್ನೂ ನಡಿಸಿಕೊಂಡು ಬಂದದ್ದು. ಓದುವವರಲ್ಲಿ ಕೆಲವರಿಗೆ ಇದು ಇಂದೇ ಬೇಕಾದೀತು; ಉಳಿದವರಿಗೆ ತಮ್ಮ ಮನೆಯ ಹಿರಿಯರ ಅಥವಾ ಮಕ್ಕಳ ನಿಮಿತ್ತವಾಗಿ ಎಂದಾದರೂ ಬೇಕಾದೀತು.

ಕಿವುಡುತನವೆಂದರೆ ನಿಶ್ಶಬ್ದವೆಂದು ಜನರು ಭಾವಿಸುವರು. ನನ್ನಂಥವರ ಕಿವುಡು ಹಾಗಲ್ಲ. ಅದು ಸಂಜೆಯ ಬೆಳಕಿನಂತೆ ಮೆಲ್ಲಮೆಲ್ಲನೆ ಇಳಿಯುವದು. ಮೊದಲು ಹೋಗುವವು ತಾರಸ್ಥಾಯಿಯ ಸಣ್ಣ ದನಿಗಳು. ಗುಬ್ಬಿಯ ಚಿಲಿಪಿಲಿ ಯಾವಾಗ ನಿಂತಿತೆಂಬುದು ಗೊತ್ತೇ ಆಗುವದಿಲ್ಲ. ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತಿರುವ ಒಂದು ಅಂಗವುಂಟು. ಅದರಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ವಯಸ್ಸಾದಂತೆ ಅವುಗಳೊಳಗೆ ತಾರಸ್ವರವನ್ನು ಗ್ರಹಿಸುವವೇ ಸಾಮಾನ್ಯವಾಗಿ ಮೊದಲು ನಶಿಸುವವು. ಮನುಷ್ಯರಲ್ಲಿ ಒಮ್ಮೆ ನಶಿಸಿದವು ಮತ್ತೆ ಬೆಳೆಯುವದಿಲ್ಲ. ಮಾತಿನಲ್ಲಿ ಸ್ವರಾಕ್ಷರಗಳು ಬಲವಾದವು. ಸ, ಶ, ಹ, ತ, ಕ ಮೊದಲಾದ ವ್ಯಂಜನಗಳು ಬಲಹೀನವಾದವು. ಊಟದ ಪಂಕ್ತಿಯಲ್ಲಿ ಒಬ್ಬರು "ಸಾಕು" ಎಂದರೂ "ಹಾಕು" ಎಂದರೂ ಇಂಥ ಕಿವಿಗೆ ಬೀಳುವದು "ಆಕು" ಎಂಬುದೊಂದೇ. ಕೈಯಲ್ಲಿ ಸೌಟು ಹಿಡಿದು ನಿಂತವಳು ಏನು ಮಾಡಬೇಕು? ಆದುದರಿಂದಲೇ "ಕೇಳಿಸುತ್ತದೆ, ಆದರೆ ತಿಳಿಯುವದಿಲ್ಲ" ಎಂಬುದು ನಮ್ಮೆಲ್ಲರ ಮೊದಲ ದೂರು. ಆಗ ಎದುರಿಗಿದ್ದವರು ಕೂಗಿ ಹೇಳುವರು. ಕೂಗಿದರೆ ಮುಖ್ಯವಾಗಿ ಬೆಳೆಯುವದು ಸ್ವರವೇ. ಹೋದ ವ್ಯಂಜನವು ಹೋದಂತೆಯೇ ಇರುವದು.

ನನ್ನ ತಾಯಿಗೂ ಐವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಊರಿನ ಹೆಂಗಸರು ಹೆರಿಗೆಯಿಂದ ಹಿಡಿದು ಹೊಲದ ವ್ಯಾಜ್ಯದವರೆಗೆ ಆಕೆಯ ಬುದ್ಧಿಮಾತನ್ನು ಕೇಳಲು ಬರುತ್ತಿದ್ದರು. ಮೊದಲು ಮನೆಯವರು ಆಕೆಗೆ ಕೂಗಿ ಹೇಳಿದರು. ಅನಂತರ ಬೇಕಾದಷ್ಟನ್ನು ಮಾತ್ರ ಹೇಳಿದರು. ಕಡೆಗೆ ಹೇಳುವದನ್ನೇ ಬಿಟ್ಟರು. ಇದರಲ್ಲಿ ಯಾರ ದುಷ್ಟತನವೂ ಇರಲಿಲ್ಲ. ಎಲ್ಲರಿಗೂ ದಣಿವಾಯಿತು, ಅಷ್ಟೇ. ಕೊನೆಯ ವರುಷಗಳಲ್ಲಿ ಆಕೆ ನಡುಮನೆಯ ಮೂಲೆಯಲ್ಲಿ ಕುಳಿತು ಮಲ್ಲಿಗೆಯನ್ನು ಕಟ್ಟುತ್ತ, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದಳು. ಆ ನಗೆಯು ಮಾತು ತಿಳಿದು ಬಂದ ನಗೆಯಲ್ಲವೆಂಬುದು ನಾನು ಅದೇ ಮೂಲೆಯ ಹತ್ತಿರಕ್ಕೆ ಬಂದ ಮೇಲೆ ನನಗೆ ಅರ್ಥವಾಯಿತು. ನಾನು ಯಂತ್ರವನ್ನು ಧರಿಸಲು ಒಪ್ಪಿದ್ದು ಆ ನಗೆಯ ಭಯದಿಂದಲೇ ಎಂದರೆ ತಪ್ಪಾಗಲಾರದು.

ಯಂತ್ರದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಹಿಂದಿನ ಕಾಲದವರು ಕಹಳೆಯಂಥ ಕೊಳವೆಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. 1898ರಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಎಂಬವನು ವಿದ್ಯುತ್ತಿನಿಂದ ನಡೆಯುವ ಶ್ರವಣಯಂತ್ರವನ್ನು ನಿರ್ಮಿಸಿದನು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕೆಲವೇ ವರುಷಗಳಲ್ಲಿ ಅದು ಶ್ರವಣಯಂತ್ರದೊಳಗೆ ಸೇರಿ, ಯಂತ್ರವು ಜೇಬಿನ ಪೆಟ್ಟಿಗೆಯಾಯಿತು, ತರುವಾಯ ಕಿವಿಯ ಹಿಂದೆ ಅಡಗುವಷ್ಟು ಕಿರಿದಾಯಿತು. 1996ರಲ್ಲಿ ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸಿ ಸಂಸ್ಕರಿಸುವ ಡಿಜಿಟಲ್ ಯಂತ್ರಗಳು ಪೇಟೆಗೆ ಬಂದವು. ಗಾತ್ರ ಎಷ್ಟೇ ಕುಗ್ಗಿದರೂ ಅಂಗಗಳು ಅವೇ: ಧ್ವನಿಯನ್ನು ಹಿಡಿಯುವ ಮೈಕ್ರೊಫೋನ್, ಅದನ್ನು ಬಲಪಡಿಸುವ ಭಾಗ, ಕಿವಿಯೊಳಗೆ ಬಿಡುವ ಪುಟ್ಟ ಸ್ಪೀಕರ್, ಇವಕ್ಕೆಲ್ಲ ಜೀವವಾದ ಬ್ಯಾಟರಿ. ನನ್ನ ಯಂತ್ರದ ಬ್ಯಾಟರಿಯು ಸತುವೂ ಗಾಳಿಯೂ ಸೇರಿ ಕೆಲಸ ಮಾಡುವ ಜಾತಿಯದು. ಅದರ ಬೆನ್ನಿನ ಮೇಲೆ ಬಣ್ಣದ ಚೀಟಿಯೊಂದು ಅಂಟಿರುತ್ತದೆ. 10ನೆಯ ಅಳತೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಚೀಟಿಯನ್ನು ಕಿತ್ತ ಕೂಡಲೆ ಗಾಳಿಯು ಒಳಹೊಕ್ಕು ಅದು ಎಚ್ಚರವಾಗುವದು. ಮತ್ತೆ ಅಂಟಿಸಿದರೂ ಪೂರ್ಣವಾಗಿ ನಿದ್ರಿಸದು. ನನ್ನದು ಕಂದು ಚೀಟಿಯದು, ವಾರಕ್ಕೊಮ್ಮೆ ಬದಲಾಯಿಸುವೆನು. ಈಚೆಗೆ ರಾತ್ರಿ ವಿದ್ಯುತ್ತಿಗೆ ಹಚ್ಚಿಟ್ಟು ಮರಳಿ ತುಂಬಿಕೊಳ್ಳುವಂಥವೂ ಬಂದಿವೆ.

ಕನ್ನಡಕವನ್ನು ಹಾಕಿಕೊಂಡ ಗಳಿಗೆಯಲ್ಲಿಯೇ ಅಕ್ಷರವು ಸ್ಪಷ್ಟವಾಗುವದು. ಶ್ರವಣಯಂತ್ರವೂ ಹಾಗೆಯೇ ಎಂದು ತಿಳಿದು ಕೊಂಡವರು ಮೂರೇ ದಿನಗಳಲ್ಲಿ ಅದನ್ನು ಪೆಟ್ಟಿಗೆಗೆ ಸೇರಿಸುವರು. ಮೊದಲ ದಿನ ನನ್ನ ಚಪ್ಪಲಿಯ ಸದ್ದು ಯಾರೋ ಹಿಂಬಾಲಿಸುವಂತೆ ಕೇಳಿಸಿತು. ವೃತ್ತಪತ್ರಿಕೆಯನ್ನು ಮಡಿಚಿದರೆ ತಗಡನ್ನು ಮುರಿದಂತಾಯಿತು. ಸ್ಟೀಲ್ ಲೋಟವು ಕೈಜಾರಿ ಬಿದ್ದಾಗ ತಲೆಯೊಳಗೆ ಸಿಡಿಲು ಹೊಡೆಯಿತು. ನನ್ನ ಸ್ವಂತ ಧ್ವನಿಯೋ, ಕೊಡದೊಳಗೆ ಮುಖವಿಟ್ಟು ಮಾತಾಡಿದ ಹಾಗೆ. ಯಂತ್ರವನ್ನು ಹೊಂದಿಸಿಕೊಟ್ಟ ಶ್ರವಣತಜ್ಞೆಯು ಇದನ್ನೆಲ್ಲ ಮುಂಚಿತವಾಗಿಯೇ ಹೇಳಿದ್ದಳು. ವರುಷಗಟ್ಟಲೆ ಈ ಸದ್ದುಗಳನ್ನು ಮರೆತ ಮೆದುಳು ಅವುಗಳಲ್ಲಿ ಬೇಕಾದದ್ದು ಯಾವದು, ಬೇಡವಾದದ್ದು ಯಾವದು ಎಂಬುದನ್ನು ಮತ್ತೆ ಕಲಿಯಬೇಕು. ಆದಕಾರಣ ಮೊದಲು ಮನೆಯ ಶಾಂತಿಯಲ್ಲಿ ಕೆಲವು ಗಂಟೆ, ಅನಂತರ ಇಬ್ಬರ ಸಂಭಾಷಣೆಯಲ್ಲಿ, ಕಡೆಗೆ ಬೀದಿಯಲ್ಲಿ ಧರಿಸಬೇಕೆಂದು ಆಕೆಯ ಸೂಚನೆ. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತ ಬಂದೆನು. ಎರಡು ತಿಂಗಳಲ್ಲಿ ಚಪ್ಪಲಿಯ ಸದ್ದು ಹಿಂದೆ ಸರಿಯಿತು, ಮಾತು ಮುಂದೆ ಬಂದಿತು. ಒಂದು ಬೆಳಗ್ಗೆ ಗುಬ್ಬಿಯೂ ಕೇಳಿಸಿತು.

ದಿನದಿನದ ಪಾಲನೆಯು ಕೂಸಿನ ಪಾಲನೆಯಂಥದು. ನೀರು, ಎಣ್ಣೆ, ಬೆವರು ಇವು ಅದರ ವೈರಿಗಳು. ಎಣ್ಣೆನೀರಿನ ದಿನ ತಲೆ ಪೂರ್ಣವಾಗಿ ಒಣಗುವವರೆಗೆ ನನಗೆ ಲೋಕವಿಲ್ಲ. ಮಳೆಗಾಲದ ತೇವವನ್ನು ಹೀರುವ ಹರಳುಗಳಿರುವ ಡಬ್ಬಿಯಲ್ಲಿ ರಾತ್ರಿ ಅದನ್ನು ಮಲಗಿಸಬೇಕು. ಕುಗ್ಗೆಯು ಸಣ್ಣ ದ್ವಾರವನ್ನು ಮುಚ್ಚದಂತೆ ಪುಟ್ಟ ಕುಂಚದಿಂದ ಒರಸಬೇಕು. ಯಾರಾದರೂ ಪ್ರೀತಿಯಿಂದ ಅಪ್ಪಿಕೊಂಡರೆ ಹೊರಬಿದ್ದ ಧ್ವನಿಯು ಮೈಕ್ರೊಫೋನಿಗೆ ಮರಳಿ ಸಿಕ್ಕಿ ಯಂತ್ರವು ಕೂಗಿಕೊಳ್ಳುವದು. ನಮ್ಮ ಮನೆಯ ಮಕ್ಕಳು ಇದನ್ನು "ಅಜ್ಜಿಯ ಸೀಟಿ" ಎನ್ನುವರು. ಒಂದು ಮಾತನ್ನು ಮಾತ್ರ ತಾಯಂದಿರು ಮರೆಯಬಾರದು: ಬ್ಯಾಟರಿಯು ಮಕ್ಕಳ ಕೈಗೆ ಸಿಕ್ಕಲೇಕೂಡದು. ನುಂಗಿದರೆ ಅದು ಪ್ರಾಣಕ್ಕೇ ಅಪಾಯಕರ. ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇಷ್ಟು ಮಾಡಿದರೂ ಯಂತ್ರವು ಕಿವಿಯಾಗುವದಿಲ್ಲ. ತೆರೆದ ಬಯಲಿನಲ್ಲಿ ಮಾತಾಡುವವರ ದೂರವು ಎರಡರಷ್ಟಾದರೆ ಧ್ವನಿಯು ಸುಮಾರು 6 ಡೆಸಿಬೆಲ್ ಇಳಿಯುವದು. ಗದ್ದಲವಾದರೋ ಅಲ್ಲಿಯೇ ನಿಂತಿರುವದು. ಮದುವೆಯ ಮಂಟಪದಲ್ಲಿ ವಾಲಗವೂ ಧ್ವನಿವರ್ಧಕವೂ ನೂರು ಬಾಯಿಗಳೂ ಸೇರಿದಾಗ ನನಗೆ ಕೇಳಿಸುವದು ಸಂತೆಯೇ. ನಾನು ಕೆಲಸದಲ್ಲಿದ್ದ ಶಾಲೆಯ ಆಡಳಿತದವರಲ್ಲೊಬ್ಬರು, ಕಿವಿ ಕೇಳಿಸದವಳು ಪಾಠ ಹೇಳುವದು ಹೇಗೆಂದು ಸಭೆಯಲ್ಲಿಯೇ ಪ್ರಶ್ನಿಸಿದ್ದರು. ಅದಕ್ಕೆ ಉತ್ತರವನ್ನು ನನ್ನ ವಿದ್ಯಾರ್ಥಿನಿಯರು ಕೊಟ್ಟರು. ಉತ್ತರ ಹೇಳುವವಳು ಕೈಯೆತ್ತಿ, ಎದ್ದುನಿಂತು, ನನ್ನ ಮುಖವನ್ನು ನೋಡಿ, ವಾಕ್ಯವನ್ನು ಕೊನೆಯವರೆಗೆ ಬಿಡಿಸಿ ಹೇಳಬೇಕೆಂದು ನಾವು ಗೊತ್ತುಮಾಡಿಕೊಂಡೆವು. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಮಾತಾಡುವಂತಿರಲಿಲ್ಲ. ಮರುವರುಷ ಭಾಷಣಸ್ಪರ್ಧೆಯಲ್ಲಿ ಆ ತರಗತಿಯ ಹುಡುಗಿಯರ ಉಚ್ಚಾರವನ್ನು ಪರೀಕ್ಷಕರು ಹೊಗಳಿದಾಗ, ಅದರಲ್ಲಿ ನನ್ನ ಕಿವುಡಿನ ಪಾಲೂ ಇದೆಯೆಂದು ನಾನು ಮನಸ್ಸಿನಲ್ಲಿಯೇ ನಕ್ಕೆನು.

ವಾಕ್ಯದ ಕೊನೆಯೆಂದೆನಷ್ಟೆ? ಅದು ಕನ್ನಡಿಗರೆಲ್ಲರೂ ಯೋಚಿಸತಕ್ಕ ವಿಷಯ. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಕಡೆಗೆ ಬರುವದು. ಉಂಟೋ ಇಲ್ಲವೋ, ಬಂದನೋ ಬಂದಳೋ, ಬೇಕೋ ಬೇಡವೋ ಎಂಬುದೆಲ್ಲವೂ ವಾಕ್ಯದ ಬಾಲದಲ್ಲಿಯೇ ಇರುವದು. ನಾವೋ ಉಸಿರು ಮುಗಿಯುತ್ತ ಬಂದಾಗ ಆ ಬಾಲವನ್ನೇ ನುಂಗುವೆವು. "ನಾಳೆ ಬೆಳಗ್ಗೆ ಡಾಕ್ಟರರ ಬಳಿಗೆ ಹೋಗಬೇಕಾಗಿ..." ಎಂಬವರೆಗೆ ಗಟ್ಟಿಯಾಗಿ ಕೇಳಿಸಿ, "ಇದೆ" ಎಂದರೋ "ಇಲ್ಲ" ಎಂದರೋ ತಿಳಿಯದಿದ್ದರೆ ಮೊದಲು ಕೇಳಿದ್ದೆಲ್ಲ ವ್ಯರ್ಥ. ತುಟಿಯನ್ನು ನೋಡಿ ತಿಳಿದುಕೊಳ್ಳುವದಕ್ಕೂ ಮಿತಿಯುಂಟು. ಪ, ಬ, ಮ ಮೂರಕ್ಕೂ ತುಟಿಗಳು ಒಂದೇ ರೀತಿಯಾಗಿ ಮುಚ್ಚಿ ತೆರೆಯುವವು. ಪಾವು, ಬಾವು, ಮಾವು ಇವುಗಳೊಳಗೆ ಯಾವದೆಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. 2020ರ ಮಹಾಮಾರಿಯ ಕಾಲದಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿದಾಗ ಆ ಊಹೆಗೂ ಆಧಾರವಿಲ್ಲದಾಯಿತು. ಬಟ್ಟೆಯ ದಾರವು ಯಂತ್ರವನ್ನೂ ಕಿತ್ತೆಳೆಯುತ್ತಿತ್ತು. ನಮ್ಮವರು ಎಷ್ಟೋ ಮಂದಿ ಆ ವರುಷ ಮನೆಯಿಂದ ಹೊರಡುವದನ್ನೇ ಬಿಟ್ಟರು.

ಇನ್ನು ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಅವಶ್ಯವಾದ ಒಂದು ಸಂಗತಿಯನ್ನು ಹೇಳುವೆನು. 2014ರಲ್ಲಿ ನನ್ನ ಮಗಳನ್ನು ನೋಡಲು ಒಂದು ಮನೆಯವರು ಬರುವವರಿದ್ದರು. ಬಂಧುಗಳಲ್ಲಿ ಹಿರಿಯರೊಬ್ಬರು ನನ್ನನ್ನು ಒಳಗೆ ಕರೆದು, "ಆ ಯಂತ್ರವನ್ನು ಎರಡು ಗಂಟೆಯ ಮಟ್ಟಿಗೆ ತೆಗೆದಿಡು. ತಾಯಿಗೂ ಅಜ್ಜಿಗೂ ಕಿವಿ ಮಂದವೆಂದು ತಿಳಿದರೆ ಹುಡುಗಿಯ ವಿಷಯದಲ್ಲಿ ಸಂಶಯಪಟ್ಟಾರು" ಎಂದರು. ಅವರು ಹೇಳಿದ್ದು ದ್ವೇಷದಿಂದಲ್ಲ, ಮಗಳ ಹಿತಕ್ಕಾಗಿಯೇ. ನಾನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮಗಳು, "ಅವರು ಆಡುವ ಮಾತು ಅಮ್ಮನಿಗೆ ಕೇಳಿಸದಿದ್ದರೆ, ನನ್ನ ಪರವಾಗಿ ಅವರನ್ನು ಅಳೆಯುವವರು ಯಾರು?" ಎಂದಳು. ಯಂತ್ರವು ಕಿವಿಯಲ್ಲಿಯೇ ಉಳಿಯಿತು. ಬಂದವರು ಉಪಾಹಾರ ಮಾಡಿ, ಕುಶಲವನ್ನು ವಿಚಾರಿಸಿ ಹೋದರು. ಮುಂದೆ ಆ ಮನೆಯಿಂದ ಉತ್ತರ ಬರಲಿಲ್ಲ. ಕಾರಣವನ್ನು ನಾವು ಕೇಳಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂಬುದು ನಿಜ. ಎರಡು ವರುಷಗಳ ಮೇಲೆ ಮಗಳಿಗೆ ಬೇರೊಂದು ಮನೆಯಲ್ಲಿ ವಿವಾಹವಾಯಿತು. ಆ ಮನೆಯ ಯಜಮಾನರು ಮೊದಲ ದಿನವೇ ತಮ್ಮ ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು, "ಈ ಪಕ್ಕದಲ್ಲಿ ಕುಳಿತರೆ ತಮಗೆ ಅನುಕೂಲವೇ?" ಎಂದು ಕೇಳಿದರು. ಅವರನ್ನು ಅಳೆಯಲು ನನಗೆ ಅಷ್ಟೇ ಸಾಕಾಗಿತ್ತು.

ಈ ಬಚ್ಚಿಡುವಿಕೆಯು ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಹಾನಿಕರ. ಮಗುವು ಮಾತನ್ನು ಕಲಿಯುವದು ಕಿವಿಯಿಂದ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿಶ್ಚಯ, ಆರು ತಿಂಗಳೊಳಗೆ ಯಂತ್ರವೇ ಮೊದಲಾದ ಉಪಾಯ ಎಂಬುದು ತಜ್ಞರ ನಿಯಮ. "ದೊಡ್ಡವಳಾದ ಮೇಲೆ ಸರಿಹೋದೀತು" ಎಂದು ಕಾಯುವ ಒಂದೊಂದು ವರುಷವೂ ಮಾತಿನ ವರುಷವೇ. ಕಿವಿ ಸೋರಿದರೆ ಕಾಯಿಸಿದ ಎಣ್ಣೆಯನ್ನು ಹೊಯ್ಯದೆ ವೈದ್ಯರಿಗೆ ತೋರಿಸಬೇಕು. ತರಗತಿಯಲ್ಲಿ ಕರೆದರೂ ತಿರುಗದ ಹುಡುಗಿಯನ್ನು ಗರ್ವಿಷ್ಠೆಯೆಂದೋ ಮಂದಮತಿಯೆಂದೋ ತೀರ್ಮಾನಿಸುವ ಮೊದಲು ಒಮ್ಮೆ ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ನಮ್ಮ ನಾಡಿನಲ್ಲಿಯೇ, ಮೈಸೂರಿನಲ್ಲಿ, 1966ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕೆಲಸಕ್ಕಾಗಿ ಇದೆ. ಯಂತ್ರದ ಬೆಲೆಯು ಕೆಲವು ಸಾವಿರದಿಂದ ಲಕ್ಷಕ್ಕೂ ಮೀರುವದು ನಿಜ. ಬಡವರಿಗೆ ಇಂಥ ಸಾಧನಗಳನ್ನು ಒದಗಿಸುವ ಕೇಂದ್ರ ಸರಕಾರದ ಯೋಜನೆಯೂ ಉಂಟು. ಇದು ಕೆಲವೇ ಮಂದಿಯ ಕಷ್ಟವೂ ಅಲ್ಲ. ಕಿವುಡಿಗೆ ಚಿಕಿತ್ಸೆ ಅಥವಾ ಸಾಧನದ ಅವಶ್ಯಕತೆಯುಳ್ಳವರು ಲೋಕದಲ್ಲಿ 43 ಕೋಟಿಗೂ ಮಿಕ್ಕಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ವರದಿಯಲ್ಲಿ ತಿಳಿಸಿದೆ.

ನಾನು ಇಷ್ಟು ವರುಷಗಳಲ್ಲಿ ಕಲಿತದ್ದನ್ನು ಒಂದು ಮಾತಿನಲ್ಲಿ ಹೇಳುವದಾದರೆ, ಯಂತ್ರವು ಮಾಡುವದು ಅರ್ಧ ಕೆಲಸ. ಉಳಿದರ್ಧವು ಹೇಳುವವರ ಕೈಯಲ್ಲಿದೆ. ಮಾತಾಡುವ ಮೊದಲು ಹೆಸರು ಹಿಡಿದು ಕರೆಯಿರಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ. ಕೂಗಬೇಡಿರಿ, ಸ್ವಲ್ಪ ನಿಧಾನಿಸಿ, ವಾಕ್ಯದ ಕೊನೆಯನ್ನು ಉಳಿಸಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ ಬೇರೆ ಮಾತುಗಳಲ್ಲಿ ಹೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, "ಏನೂ ಇಲ್ಲ ಬಿಡಿ" ಎಂದು ಮಾತ್ರ ಹೇಳಬೇಡಿರಿ. ಮನೆಯಲ್ಲಿ ಎಲ್ಲರೂ ನಕ್ಕ ಮೇಲೆ "ಏನು?" ಎಂದು ಕೇಳಿದವಳಿಗೆ ಆ ಮೂರು ಮಾತುಗಳು ಬಾಗಿಲನ್ನು ಮುಚ್ಚಿದಂತೆ.

ನನ್ನ ಮೊಮ್ಮಗನಿಗೆ ಇದನ್ನೆಲ್ಲ ಯಾರೂ ಬೋಧಿಸಲಿಲ್ಲ. ಅವನು ಮಾತು ಕಲಿಯುವಾಗಲೇ, ಮೊದಲು ಬಂದು ನನ್ನ ಮುಂಗೈಯನ್ನು ಮುಟ್ಟಿ, ನಾನು ತಿರುಗುವವರೆಗೆ ಕಾದು, ಅನಂತರ ಹೇಳುವದನ್ನು ತಾನಾಗಿ ಕಲಿತನು. ಬೇರೆಯವರೊಡನೆ ಹಾಗೆ ಮಾಡುವದಿಲ್ಲ, ಅಜ್ಜಿಯೊಡನೆ ಮಾತ್ರ. ಮೂರು ವರುಷದ ಬಾಲಕನಿಗೆ ಸಾಧ್ಯವಾದದ್ದು ವಿದ್ಯಾವಂತರಾದ ನಮಗೆ ಅಸಾಧ್ಯವಾಗಲಾರದು. ಈ ಲೇಖನವನ್ನು ಓದಿದ ಸಹೋದರಿಯರು, ತಮ್ಮ ಮನೆಯ ಮೂಲೆಯಲ್ಲಿ ಸುಮ್ಮನೆ ನಗುತ್ತ ಕುಳಿತವರು ಯಾರಾದರೂ ಇದ್ದರೆ, ಇಂದು ಸಂಜೆಯೇ ಅವರ ಎದುರಿಗೆ ಕುರ್ಚಿಯನ್ನು ಎಳೆದುಕೊಂಡು ಕುಳಿತು ದಿನದ ಸುದ್ದಿಯನ್ನು ಪೂರ್ತಿಯಾಗಿ ಹೇಳಬೇಕೆಂದು ನನ್ನ ಬಿನ್ನಹ.