ನಮ್ಮ ಬೆಟ್ಟದ ಬುಲ್‌ಬುಲ್

ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಬುಲ್‌ಬುಲ್ ಎಂದರೆ ಗಜಲ್‌ನ ಹಕ್ಕಿ. ಆದರೆ ಪರ್ಷಿಯಾದ ಕವಿಗಳ ಬುಲ್‌ಬುಲ್ ನೈಟಿಂಗೇಲ್. ನಮ್ಮದು ಬೇರೆಯೇ ಹಕ್ಕಿ, ಕನ್ನಡದಲ್ಲಿ ಪಿಕಳಾರ. ದಾದಿಗೆ ಇದನ್ನು ಹೇಳಿದರೆ ಒಪ್ಪುವುದೇ ಇಲ್ಲ!

ಪಿಕಳಾರಗಳಲ್ಲಿ ಹಳದಿ ಕೊರಳಿನದೊಂದಿದೆ. ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಜೆರ್ಡನ್ ಎಂಬ ಬ್ರಿಟಿಷ್ ವೈದ್ಯ 1845ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಈಗ ಐಯುಸಿಎನ್‌ನ ಅಪಾಯದ ಪಟ್ಟಿಯಲ್ಲಿದೆ. ಬಂಡೆಗಲ್ಲಿನ ಬೆಟ್ಟ, ಅದರ ಸಂದಿಯ ಕುರುಚಲು ಕಾಡು, ಇಷ್ಟೇ ಅದರ ಮನೆ. ನಮ್ಮ ಜಿಲ್ಲೆಯ ದೇವರಾಯನದುರ್ಗದಲ್ಲಿ ಇದೆ. ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಅಂಥ ಬೆಟ್ಟಗಳಿಗೇನು ಕಡಿಮೆ?

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರವರೇ ಕಾಯುತ್ತಾರೆ, ನೋಡಲು ಜನ ಬರುತ್ತಾರೆ. ಎರೆಭೂತ ಹಕ್ಕಿಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪಿಕಳಾರ ಚಿಕ್ಕದು, ನಾಚಿಕೆಯದು. ಕಾಣುವ ಮೊದಲು ದನಿ ಕೇಳಿಸುತ್ತದಂತೆ. ದೊಡ್ಡ ಹಕ್ಕಿಗೆ ಸಿಗುವ ಗಮನ ಇದಕ್ಕೆ ಸಿಕ್ಕಿಲ್ಲ.

ಕಾಮರ್ಸ್ ಓದುವವಳಿಗೆ ಲೆಕ್ಕವೇ ಕಣ್ಣಿಗೆ ಬೀಳುತ್ತದೆ. ಒಡೆದ ಕಲ್ಲಿಗೆ ಟನ್ನಿನ ಮೇಲೆ ಬಿಲ್ ಇದೆ. ಹಕ್ಕಿ ಯಾವ ಕಾಲಮ್ಮಿಗೂ ಬರುವುದಿಲ್ಲ. ಹಾಗೆಂದು ಕ್ವಾರಿ ಮುಚ್ಚಿ ಎಂದು ಸುಲಭವಾಗಿ ಬರೆಯಲಾರೆ. ನಮ್ಮ ಮಾಮೂ ಜಲ್ಲಿ ಲಾರಿ ಓಡಿಸುತ್ತಾರೆ, ನನ್ನ ಫೀಸಿನಲ್ಲಿ ಅವರ ದುಡ್ಡೂ ಇದೆ. ಬೆಟ್ಟವನ್ನು ಗುತ್ತಿಗೆಗೆ ಕೊಡುವ ಮುಂಚೆ ಒಂದು ವರ್ಷ ಯಾರಾದರೂ ಬಲ್ಲವರು ಅಲ್ಲಿ ಕಿವಿಗೊಟ್ಟು ಕೂರಲಿ ಎನ್ನುತ್ತೇನೆ.

ಯಾವ ಬೆಟ್ಟಕ್ಕೆ ಹೊಸ ಲಾರಿ ದಾರಿ ಬಿತ್ತೆಂದು ಮಾಮೂಗೇ ಮೊದಲು ಗೊತ್ತಾಗುತ್ತದೆ. ಆ ಹೆಸರುಗಳನ್ನು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ.