ನಂದಿಯ ತಪ್ಪಲಲ್ಲಿ ದ್ರಾಕ್ಷಿಯ ಪಾಠ

ಬೆಂಗಳೂರಿನಿಂದ ಉತ್ತರಕ್ಕೆ ಯಲಹಂಕ ದಾಟಿ ಮುಂದೆ ಹೋದರೆ ದೊಡ್ಡಬಳ್ಳಾಪುರ. ರೇಷ್ಮೆ ಸೀರೆಯ ಮಗ್ಗಗಳಿಗೆ ಹೆಸರಾದ ಈ ಊರಿನ ಸುತ್ತ ಈಗ ಕಾರ್ಖಾನೆಗಳು ಎದ್ದಿವೆ. ಅಲ್ಲಿಂದ ದೇವನಹಳ್ಳಿಯ ರಸ್ತೆ ಹಿಡಿದರೆ ರಘುನಾಥಪುರದ ಬಳಿ ನೋಟವೇ ಬೇರೆ. ದೂರದಲ್ಲಿ ನಂದಿಬೆಟ್ಟ, ಹತ್ತಿರದಲ್ಲಿ ತಂತಿಗೆ ಹಬ್ಬಿಸಿದ ದ್ರಾಕ್ಷಿಬಳ್ಳಿಗಳ ಸಾಲು. ಇದೇ ಗ್ರೋವರ್ ದ್ರಾಕ್ಷಿತೋಟ.

ದ್ರಾಕ್ಷಿ ಈ ಸೀಮೆಗೆ ಹೊಸದಲ್ಲ. ತಳ್ಳುಗಾಡಿಗಳಲ್ಲಿ ಸಿಗುವ, ದಪ್ಪ ಸಿಪ್ಪೆಯ, ಬೀಜವಿರುವ ‘ಬೆಂಗಳೂರು ಬ್ಲೂ’ ಇಲ್ಲಿನ ರೈತರ ಹಳೆಯ ಬೆಳೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನೇ ‘ಬ್ಲ್ಯಾಕ್ ಚಂಪಾ’ದೊಡನೆ ಸಂಕರಿಸಿ ‘ಅರ್ಕಾ ಶ್ಯಾಮ್’ ತಳಿಯನ್ನು ರೂಪಿಸಿತು.

ಆದರೆ 1988ರಲ್ಲಿ ಕನ್ವಲ್ ಗ್ರೋವರ್ ಇಲ್ಲಿ ಆರಂಭಿಸಿದ ಪ್ರಯೋಗ ಫ್ರಾನ್ಸಿನ ತಳಿಗಳದ್ದು. ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಮಾರ್ಗದರ್ಶನವಿತ್ತು. 1992ರಲ್ಲಿ ಮೊದಲ ವೈನ್ ಹೊರಬಂತು. ಕಪ್ಪು ದ್ರಾಕ್ಷಿಯಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್, ಬಿಳಿಯದರಲ್ಲಿ ವಿಯೋನಿಯೆ ಮತ್ತು ಸೊವಿನ್ಯೋನ್ ಬ್ಲಾಂಕ್ ಇಲ್ಲಿ ನೆಲೆ ಕಂಡವು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ, ವಸಂತದಲ್ಲಿ ಚಿಗುರುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಬಳ್ಳಿಗೆ ನಿದ್ರೆಯೂ ಇಲ್ಲ. ಆದ್ದರಿಂದ ಋತುವನ್ನು ಕತ್ತರಿಯೇ ತಿಳಿಸಬೇಕು. ಏಪ್ರಿಲ್ ಸುಮಾರಿಗೆ ಒಮ್ಮೆ ಸವರಿದರೆ ಹೊಸ ಕಡ್ಡಿಗಳು ಬೆಳೆದು, ಬೇಸಿಗೆಯ ಬಿಸಿಲಿಗೆ ಅವುಗಳ ಮೊಗ್ಗಿನಲ್ಲಿ ಹೂಗೊಂಚಲಿನ ಮೂಲ ಮೂಡುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಸವರಿದರೆ ಹೂ, ಕಾಯಿ. ಮಳೆಯಲ್ಲಿ ಹಣ್ಣಾದರೆ ಕಾಯಿ ಒಡೆದು ಕೊಳೆಯುತ್ತದೆ. ಹೀಗೆ ಮಾಡಿದಾಗ ಒಣಹವೆಯ ಫೆಬ್ರವರಿ, ಮಾರ್ಚ್‌ಗಳಲ್ಲಿ ಕೊಯ್ಲು ಸಿಗುತ್ತದೆ. ಎತ್ತರದ ಪ್ರದೇಶದ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಪಾಡುತ್ತವೆ.

ಇನ್ನೊಂದು ಸೋಜಿಗ: ಇಲ್ಲಿನ ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ. ಕೆಂಪು ಬರುವುದು ಸಿಪ್ಪೆಯಿಂದ. ರಸದ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸುವಾಗ ಸಿಪ್ಪೆಯೂ ಜೊತೆಗಿದ್ದರೆ ಕೆಂಪು ವೈನ್. ಕುಡಿಯುವುದು ದೊಡ್ಡವರ ವಿಚಾರ. ಈ ವಿಜ್ಞಾನ ಮಾತ್ರ ಶಾಲೆಯ ಮಕ್ಕಳಿಗೂ ಸೇರಿದ್ದು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಜಮೀನಿನ ಬೆಲೆ ಗಗನಕ್ಕೇರಿತು. ಬಳ್ಳಿ ನೆಟ್ಟರೆ ಫಸಲಿಗೆ ಎರಡು ಮೂರು ವರ್ಷ ಕಾಯಬೇಕು. ನಿವೇಶನ ಮಾಡಿದರೆ ಹಣ ಕೂಡಲೇ ಕೈಗೆ. ಆದರೆ ಬಡಾವಣೆಯಾದ ನೆಲ ಮತ್ತೆ ತೋಟವಾಗದು. ಮಕ್ಕಳನ್ನು ನಂದಿಗೆ ಕರೆದೊಯ್ಯುವ ತಂದೆತಾಯಿಯರು ದಾರಿಯ ಚಪ್ಪರಗಳನ್ನು ತೋರಿಸಿ ಇಷ್ಟನ್ನಾದರೂ ಹೇಳುವುದು ಒಳ್ಳೆಯದು.