ಬುಕ್ಕಾಂಬುಧಿ: ಅಡಿಕೆ ಆರಿಸುವ ಸೀಮೆ

ಬೀರೂರು ಜಂಕ್ಷನ್ನನ್ನು ಬಿಟ್ಟು ಹುಬ್ಬಳ್ಳಿಯ ದಿಕ್ಕಿಗೆ ಹೊರಟ ರೈಲು ಅಜ್ಜಂಪುರವನ್ನು ಸಮೀಪಿಸುವ ಹೊತ್ತಿಗೆ ಪ್ರಯಾಣಿಕನ ಕಣ್ಣಿಗೆ ಎರಡು ನಾಡುಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಪಶ್ಚಿಮದಲ್ಲಿ ಮಲೆನಾಡಿನ ನೀಲಿ ಬೆಟ್ಟಗಳ ಸಾಲು. ಪೂರ್ವಕ್ಕೆ ಬಯಲುಸೀಮೆಯ ಹೊಲಗಳು. ಅಮೃತಮಹಲ್ ರಾಸುಗಳಿಗೆ ಹೆಸರಾದ ಈ ಅಜ್ಜಂಪುರದಲ್ಲಿ ಇಳಿದು ಬಸ್ಸು ಹಿಡಿದವನು ಬುಕ್ಕಾಂಬುಧಿಯನ್ನು ಸೇರುತ್ತಾನೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಗ್ರಾಮ ಈಗ ಅಜ್ಜಂಪುರ ತಾಲ್ಲೂಕಿನದು.

ಊರಿನ ಹೆಸರೇ ಒಂದು ಕಥೆ. ಅಂಬುಧಿ ಎಂದರೆ ಸಮುದ್ರ. ಬುಕ್ಕನ ಸಮುದ್ರ, ಬುಕ್ಕಾಂಬುಧಿ. ವಿಜಯನಗರದ ಬುಕ್ಕರಾಯನ ಹೆಸರಿನಿಂದ ಇಲ್ಲಿಯ ಕೆರೆಗೆ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಕಡಲನ್ನೇ ಕಾಣದ ನಾಡಿನಲ್ಲಿ ಕೆರೆಯನ್ನು ಸಾಗರವೆಂದೂ ಸಮುದ್ರವೆಂದೂ ಕರೆದ ನಮ್ಮ ಹಿರಿಯರ ಔದಾರ್ಯಕ್ಕೆ ಎಣೆಯುಂಟೆ? ಕೆರೆಯ ನೀರನ್ನು ನಂಬಿ ಗದ್ದೆ ಬಂದಿತು, ತೆಂಗು ಬಂದಿತು. ಅದರ ಹಿಂದೆಯೇ ಅಡಿಕೆಯೂ ಬಂದಿತು. ಇಂದು ತರೀಕೆರೆ, ಕಡೂರು, ಅಜ್ಜಂಪುರಗಳ ಸೀಮೆಯಲ್ಲಿ ಎತ್ತ ತಿರುಗಿದರೂ ತೆಳ್ಳನೆಯ ಅಡಿಕೆ ಮರಗಳು ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು.

ವಿಜಯನಗರಕ್ಕೂ ತಾಂಬೂಲಕ್ಕೂ ಇರುವ ನಂಟು ಹಳೆಯದು. 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಹಂಪೆಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೆ ಅರಸನು ವೀಳ್ಯವನ್ನೂ ಕರ್ಪೂರವನ್ನೂ ಕೊಟ್ಟು ಸತ್ಕರಿಸಿದನು. ಈ ಎಲೆ ಮುಖಕ್ಕೆ ಕಳೆ ತರುತ್ತದೆ, ಮದ್ಯದಂತೆ ಮತ್ತೇರಿಸುತ್ತದೆ, ಹಸಿವನ್ನು ಹಿಂಗಿಸುತ್ತದೆ ಎಂದು ಆ ಪರದೇಶಿ ಬೆರಗಿನಿಂದ ಬರೆದಿಟ್ಟನು. ಅರಮನೆಯ ಆ ಮರ್ಯಾದೆ ಇಂದಿಗೂ ಈ ಸೀಮೆಯ ಮನೆಗಳ ಪಡಸಾಲೆಯಲ್ಲಿ ಉಳಿದುಕೊಂಡಿದೆ.

ಬೆಂಗಳೂರಿನಿಂದ ಬೀಗರ ಮನೆಗೆಂದು ಮೊದಲ ಬಾರಿ ಬಂದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿ. ಊಟ ಮುಗಿದಿದೆ. ಚಾಪೆಯ ಮೇಲೆ ಹಿತ್ತಾಳೆಯ ತಟ್ಟೆ ಬರುತ್ತದೆ. ಅದರಲ್ಲಿ ಎಲೆ, ಸುಣ್ಣದ ಡಬ್ಬಿ, ಅಡಕೊತ್ತು. ಜೊತೆಗೆ ಒಂದೊಂದು ಬಣ್ಣದ ಮೂರು ಬಗೆಯ ಅಡಿಕೆ. “ಎಲೆ ಹಾಕಿಕೊಳ್ಳಿ, ಬೀಗರೆ” ಎನ್ನುತ್ತಾರೆ ಮನೆಯ ಯಜಮಾನರು. ಅತಿಥಿಯ ಕೈ ತಟ್ಟೆಯ ಮೇಲೆ ಸುಳಿದಾಡಿ ನಿಲ್ಲುತ್ತದೆ. ಯಾವುದನ್ನು ಎತ್ತಿಕೊಳ್ಳಬೇಕು? ಪಾಶ್ಚಾತ್ಯರ ಔತಣಗಳಲ್ಲಿ ಸಿಗಾರಿನ ಪೆಟ್ಟಿಗೆ ಎದುರಿಗೆ ಬಂದಾಗ ಹೊಸಬನು ಪಡುವ ಸಂಕಟವೂ ಇಂಥದೇ. ಅಲ್ಲಿ ಅನುಭವಸ್ಥರು ಹೊರಗಿನ ಎಲೆಯ ನುಣುಪನ್ನು ನೋಡು, ಬೆರಳಿನಿಂದ ಮೆಲ್ಲಗೆ ಅದುಮಿ ನೋಡು, ಬಣ್ಣ ಕಪ್ಪಾದ ಮಾತ್ರಕ್ಕೆ ಕಾರವೆಂದು ತಿಳಿಯಬೇಡ ಎಂದು ಕಲಿಸುತ್ತಾರೆ. ಇಲ್ಲಿಯ ಪಾಠವೂ ಕಣ್ಣು, ಕಿವಿ, ಬೆರಳುಗಳಿಂದಲೇ ಆರಂಭವಾಗುತ್ತದೆ.

ಮೊದಲನೆಯದಾಗಿ ಜಾತಿ. ಅಡಿಕೆಯಲ್ಲಿ ಕೆಂಪು, ಬಿಳಿ ಎಂದು ಎರಡು ಮುಖ್ಯ ಬಗೆ. ಕರಾವಳಿಯ ಕಡೆ ಹಣ್ಣಾದ ಅಡಿಕೆಯನ್ನು ಸಿಪ್ಪೆಸಹಿತ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಒಣಗಿಸಿ ಸುಲಿದರೆ ಅದು ಚಾಲಿ, ಅಂದರೆ ಬಿಳಿ ಅಡಿಕೆ. ಬುಕ್ಕಾಂಬುಧಿಯ ಸೀಮೆಯದು ಕೆಂಪಡಿಕೆ. ಕಾಯಿ ಇನ್ನೂ ಹಸುರಾಗಿರುವಾಗಲೇ ಕೊನೆಗಾರನು ಮರವೇರಿ ಗೊನೆಯನ್ನಿಳಿಸುತ್ತಾನೆ. ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕುಳಿತು ಸಿಪ್ಪೆ ತೆಗೆಯುತ್ತಾರೆ. ಈಚೆಗೆ ಯಂತ್ರಗಳೂ ಬಂದಿವೆ. ಬಳಿಕ ದೊಡ್ಡ ಹಂಡೆಗಳಲ್ಲಿ ಬೇಯಿಸುವ ಕೆಲಸ. ಹಿಂದಿನ ಬೇಯಿಸುವಿಕೆಗಳಿಂದ ಉಳಿದು ಗಟ್ಟಿಯಾದ ರಸಕ್ಕೆ ಚೊಗರು ಎಂದು ಹೆಸರು. ಅಡಿಕೆಗೆ ಆ ಮಿರುಗುವ ಕೆಂಪನ್ನು ಕೊಡುವುದು ಈ ಚೊಗರೇ. ಅನಂತರ ಬಿಸಿಲಿನಲ್ಲಿ ಹರವಿ ಚೆನ್ನಾಗಿ ಒಣಗಿಸುತ್ತಾರೆ.

ಒಣಗಿದ ಮೇಲೆ ದರ್ಜೆಗಳು. ಅತ್ಯಂತ ಎಳೆಯ ಕಾಯಿಯಿಂದಾದದ್ದು ಸರಕು. ಮೃದುವಾದದ್ದು, ಬೆಲೆಯಲ್ಲಿ ಎಲ್ಲಕ್ಕಿಂತ ಮೇಲು. ಅದರ ಕೆಳಗೆ ಬೆಟ್ಟೆ, ಅನಂತರ ರಾಶಿ. ಬಲಿತು ಹದ ಮೀರಿದ ಕಾಯಿ ಗೊರಬಲು. ಶಿವಮೊಗ್ಗದ ಮಾರುಕಟ್ಟೆಯ ದರಪಟ್ಟಿಯಲ್ಲಿ ದಿನವೂ ಕಾಣುವ ಹೆಸರುಗಳು ಇವೇ. 1939ರಲ್ಲಿ ಅಲ್ಲಿ ಸ್ಥಾಪಿತವಾದ ಮ್ಯಾಮ್ಕೋಸ್ ಸಹಕಾರ ಸಂಘದಂಥ ಸಂಸ್ಥೆಗಳು ಬೆಳೆಗಾರನ ಮೂಟೆಯನ್ನು ಈ ದರ್ಜೆಗಳ ಪ್ರಕಾರವೇ ಮಾರಿಕೊಡುತ್ತವೆ. ಕಾಯಿಯನ್ನು ಹದವರಿತು ಒಂದು ವಾರ ಮೊದಲೋ ಅನಂತರವೋ ಇಳಿಸಿದ್ದರಿಂದ ಒಂದು ಸಂಸಾರದ ವರ್ಷದ ಲೆಕ್ಕವೇ ಬದಲಾಗುವುದುಂಟು.

ಹೊಸಬನು ಆರಿಸುವುದು ಹೇಗೆ? ಒಂದು ಹಿಡಿ ಅಡಿಕೆಯನ್ನು ಅಂಗೈಯಲ್ಲಿ ಕುಲುಕಿದಾಗ ಕಲ್ಲಿಗೆ ಕಲ್ಲು ತಾಗಿದಂತೆ ಕಣಕಣ ಸದ್ದು ಬರಬೇಕು. ಮಂಕಾದ ಸದ್ದು ಬಂದರೆ ಒಳಗೆ ತೇವ ಉಳಿದಿದೆ ಎಂದರ್ಥ. ಮೂಗಿಗೆ ಹಿಡಿದರೆ ಬೂಷ್ಟಿನ ವಾಸನೆ ಇರಬಾರದು. ಹುಳು ಕೊರೆದ ಸಣ್ಣ ತೂತುಗಳನ್ನು ಹುಡುಕಬೇಕು. ಗಾತ್ರಕ್ಕೆ ತಕ್ಕ ತೂಕವಿರಬೇಕು. ಮೇಲಿನ ಬಣ್ಣಕ್ಕೆ ಮರುಳಾಗಕೂಡದು. ಬಣ್ಣವನ್ನು ಬಳಿಯಬಹುದು, ಒಳಗನ್ನು ಬಳಿಯಲಾಗದು. ಕೊನೆಯ ಪರೀಕ್ಷೆ ಅಡಕೊತ್ತಿನದು. ಹೋಳು ಮಾಡಿದಾಗ ಒಳಮೈಯಲ್ಲಿ ಗೆರೆಗೆರೆಯಾದ ಚಿತ್ತಾರ ಸ್ವಚ್ಛವಾಗಿ ಕಾಣಬೇಕು. ನಡುವೆ ಪೊಳ್ಳೂ ಕಪ್ಪೂ ಇರಬಾರದು.

ಎಲೆಯ ವಿಷಯ ಇದಕ್ಕಿಂತ ಸುಲಭ. ಎಳೆಯದೂ ಅಲ್ಲದ, ನಾರಾಗಿ ಬಲಿತದ್ದೂ ಅಲ್ಲದ, ಮಡಿಸಿದರೆ ಟಕ್ಕನೆ ಮುರಿಯುವ ಎಲೆ ಒಳ್ಳೆಯದು. ತುದಿ ತೊಟ್ಟುಗಳನ್ನು ಚಿವುಟಿ, ಒರೆಸಿ, ಬೆನ್ನಿಗೆ ಸುಣ್ಣ ಸವರಬೇಕು. ಸುಣ್ಣ ಕಡಮೆಯಾದರೆ ಕೆಂಪೇರದು. ಹೆಚ್ಚಾದರೆ ನಾಲಗೆ ಬೆಂದೀತು.

ಇನ್ನೊಂದು ಎಚ್ಚರಿಕೆಯನ್ನು ಹಿರಿಯರು ತಪ್ಪದೆ ಹೇಳುತ್ತಾರೆ. ರೂಢಿಯಿಲ್ಲದವನಿಗೆ ಅಡಿಕೆ ಸೊಕ್ಕುತ್ತದೆ. ಹಣೆಯಲ್ಲಿ ಬೆವರು, ಎದೆಯಲ್ಲಿ ಬಿಸಿ, ತಲೆಸುತ್ತು! ಬೀಗರೆದುರು ಹೀಗಾದರೆ ಎಷ್ಟು ನಾಚಿಕೆ! “ಚೂರೇ ಸಾಕು, ಬೀಗರೆ. ಅಡಿಕೆಯನ್ನು ಬಲ್ಲವನು ಕಡಮೆ ತಿನ್ನುತ್ತಾನೆ” ಎಂಬ ಯಜಮಾನರ ಮಾತಿನಲ್ಲಿ ಹಾಸ್ಯವಿದ್ದರೂ ಇಡೀ ಪಾಠದ ಸಾರವೇ ಅದರಲ್ಲಿದೆ.

ಏಕೆಂದರೆ ಇಂದು ಆ ಸೊಕ್ಕಿನ ಹಿಂದಿರುವ ಸತ್ಯವನ್ನು ವಿಜ್ಞಾನ ಬಿಚ್ಚಿಟ್ಟಿದೆ. ಅಡಿಕೆಯಲ್ಲಿರುವ ಅರೆಕೋಲೀನ್ ಎಂಬ ದ್ರವ್ಯ ನರಗಳನ್ನು ಕೆರಳಿಸುತ್ತದೆ, ಚಟ ಹಿಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಬೆರೆಯದಿದ್ದರೂ ಅಡಿಕೆ ಮನುಷ್ಯನಲ್ಲಿ ಅರ್ಬುದವನ್ನುಂಟುಮಾಡಬಲ್ಲದೆಂದು ಹೇಳಿದೆ. ಸದಾ ಅಗಿಯುವವರ ಕೆನ್ನೆಯ ಒಳಪದರ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುವ ರೋಗವೂ ಇದರಿಂದಲೇ ಬರುತ್ತದೆ. ಹೊಗೆಸೊಪ್ಪು ಸೇರಿದರಂತೂ ಅಪಾಯ ಇಮ್ಮಡಿ.

ಈ ಕೆಡುಕು ಹುಡುಗರ ಬಳಿಗೆ ಬಂದದ್ದು ಹಿತ್ತಾಳೆಯ ತಟ್ಟೆಯಿಂದಲ್ಲ, ಮಿಂಚುವ ಪೊಟ್ಟಣದಿಂದ. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಪೊಟ್ಟಣದೊಳಗಿನ ಪುಡಿಯನ್ನು ಕುಲುಕಿ ಕೇಳುವಂತಿಲ್ಲ, ಕತ್ತರಿಸಿ ನೋಡುವಂತಿಲ್ಲ. ಅದು ಸರಕೋ ಗೊರಬಲೋ, ಬೂಷ್ಟು ಹಿಡಿದದ್ದೋ, ಬಲ್ಲವರಾರು? ಆರಿಸುವ ಕಣ್ಣು ಹೋದಲ್ಲಿ ಅಳತೆಯೂ ಹೋಗುತ್ತದೆ. ಊಟದ ಮೇಲೆ ನಾಲ್ವರ ನಡುವೆ ಒಮ್ಮೆ ಹಂಚಿಕೊಳ್ಳುತ್ತಿದ್ದುದು ಒಂಟಿಯಾಗಿ ದಿನಕ್ಕೆ ಹತ್ತು ಬಾರಿಯ ಚಟವಾಗುತ್ತದೆ.

ಆದರೆ ಈ ಮಾತನ್ನು ತೋಟದ ನಡುವೆ ನಿಂತು ಹೇಳುವುದು ಸುಲಭವಲ್ಲ. ಮಗಳ ಮದುವೆ, ಮಗನ ಕಾಲೇಜು, ಕೊಳವೆಬಾವಿಯ ಸಾಲ ಎಲ್ಲವೂ ಆ ತೆಳುವಾದ ಮರಗಳ ಮೇಲೆಯೇ ನಿಂತಿವೆ. ಬೆಳೆದವರೇ ಬೆಳೆಯ ದೋಷವನ್ನು ಅರಿತಿರುವುದು ಅವರ ಬದುಕಿನ ಇಕ್ಕಟ್ಟು. ತಟ್ಟೆಯನ್ನು ಮುಂದಿಡುವ ಯಜಮಾನರು ತಾವೇ ವೈದ್ಯರ ಮಾತಿನಂತೆ ಅಗಿಯುವುದನ್ನು ಬಿಟ್ಟಿರುವ ಮನೆಗಳೂ ಈಗ ಇವೆ. ಆದರೂ ತಟ್ಟೆ ಬರುತ್ತದೆ. ಅತಿಥಿ ಒಂದು ಎಲೆಯನ್ನೂ ಒಂದು ಇಡಿ ಅಡಿಕೆಯನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ಜೇಬಿನಲ್ಲಿ ಇಟ್ಟುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ವೀಳ್ಯದ ಗೌರವ ಅದನ್ನು ಕೊಡುವುದರಲ್ಲಿಯೂ ಕೊಳ್ಳುವುದರಲ್ಲಿಯೂ ಇದೆ, ಅಗಿಯುವುದರಲ್ಲೇ ಇರಬೇಕಾಗಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಕಟ್ಟಿದ ನಾಡು ಇದು. ಮಾನದಂತೆಯೇ ಆರೋಗ್ಯವೂ ಅಡಿಕೆಗೆ ಹೋದರೆ ಹಿಂದಿರುಗದು. ಸಂಜೆಯ ಬಸ್ಸಿಗೆ ಹೊರಟ ಅತಿಥಿ ಕೆರೆಯ ಏರಿಯ ಮೇಲೆ ಕ್ಷಣಕಾಲ ನಿಲ್ಲುತ್ತಾನೆ. ಬುಕ್ಕನ ಸಮುದ್ರದ ಮೇಲೆ ತಾಂಬೂಲದ ಬಣ್ಣದ ಬೆಳಕು ಹರಡಿದೆ. ಜೇಬಿನಲ್ಲಿ ಯಜಮಾನರು ತಾವೇ ಆರಿಸಿ ಕೊಟ್ಟ ಅಡಿಕೆ. ಅವನು ಅದನ್ನು ಕಿವಿಯ ಬಳಿ ಹಿಡಿದು ಉಗುರಿನಿಂದ ತಟ್ಟಿ ನೋಡುತ್ತಾನೆ. ಟಣ್ ಎನ್ನುತ್ತದೆ. ಒಳ್ಳೆಯ ಅಡಿಕೆ. ಬೆಂಗಳೂರಿನ ಮನೆಯ ದೇವರ ಮುಂದೆ ಇಡಲು ಅದು ತಕ್ಕದ್ದೇ ಸರಿ.